ಹಾಲು ತರಲು ಗಡಿಯಾಚೆಗೆ

ನಮಸ್ಕಾರ. 2012ರಲ್ಲಿ ಅಮೆರಿಕದ ಬೆಲ್ಲಿಂಗ್‌ಹ್ಯಾಮ್ ಅನ್ನೋ ಊರಿನ ಕೆಲವರು ಫೇಸ್‌ಬುಕ್‌ನಲ್ಲಿ ಒಂದು ಪುಟ ಶುರು ಮಾಡಿದರು. ಅವರ ಬೇಡಿಕೆ ಏನು ಗೊತ್ತಾ? ನಮ್ಮೂರ ಕಾಸ್ಟ್‌ಕೋ ಅನ್ನೋ ದೊಡ್ಡ ಅಂಗಡಿಯಲ್ಲಿ ಅಮೆರಿಕನ್ನರಿಗೆ ಮಾತ್ರ ಅಂತ ಬೇರೆ ಸಮಯ ಇಡಿ! ಯಾಕೆಂದರೆ ಗಡಿಯಾಚೆಯಿಂದ ಕೆನಡಾದವರು ಬಂದು ಪಾರ್ಕಿಂಗ್ ತುಂಬಿಸುತ್ತಿದ್ದರು, ಪೆಟ್ರೋಲ್ ಬಂಕಿನಲ್ಲಿ ಸಾಲು ನಿಲ್ಲುತ್ತಿದ್ದರು, ಹಾಲಿನ ಕ್ಯಾನುಗಳನ್ನು ಗಾಡಿಗಟ್ಟಲೆ ಹೊತ್ತೊಯ್ಯುತ್ತಿದ್ದರು. ಹೌದು, ಹಾಲು. ಐಫೋನ್ ಅಲ್ಲ, ಚಿನ್ನ ಅಲ್ಲ.

ಕೆನಡಾ ಅಂದರೆ ನಮಗೆ ಶ್ರೀಮಂತ ದೇಶ. ಅಲ್ಲಿನ ಜನ ಹಾಲು, ಬೆಣ್ಣೆ, ಚೀಸ್, ಕೋಳಿ ತರಲು ಪಾಸ್‌ಪೋರ್ಟ್ ಹಿಡಿದು ಇನ್ನೊಂದು ದೇಶಕ್ಕೆ ಹೋಗುತ್ತಾರೆ ಎಂದರೆ ವಿಚಿತ್ರ ಅನಿಸುತ್ತದೆ. ಮೊದಲು ಭೂಪಟ ನೋಡಿ. ದೇಶ ಅಷ್ಟು ದೊಡ್ಡದು, ಆದರೆ ಮೂರರಲ್ಲಿ ಎರಡು ಪಾಲು ಜನ ಅಮೆರಿಕದ ಗಡಿಯಿಂದ 100 ಕಿಲೋಮೀಟರ್ ಒಳಗೇ ಇದ್ದಾರೆ. ವ್ಯಾಂಕೂವರ್‌ನವರಿಗೆ ಬೆಲ್ಲಿಂಗ್‌ಹ್ಯಾಮ್, ನಯಾಗರ ಕಡೆಯವರಿಗೆ ಬಫಲೋ, ಮಾಂಟ್ರಿಯಲ್‌ನವರಿಗೆ ಪ್ಲಾಟ್ಸ್‌ಬರ್ಗ್, ವಿಂಡ್ಸರ್‌ನವರಿಗೆ ನದಿ ಆಚೆಯೇ ಡೆಟ್ರಾಯಿಟ್. ಪಾಯಿಂಟ್ ರಾಬರ್ಟ್ಸ್ ಅಂತ ಒಂದು ಪುಟ್ಟ ಜಾಗ ಇದೆ. ನೆಲದ ಮೇಲೆ ಕೆನಡಾಕ್ಕೆ ಅಂಟಿಕೊಂಡಿದೆ, ಕಾನೂನಿನ ಪ್ರಕಾರ ಅಮೆರಿಕ. ಅಮೆರಿಕದ ಬಹುತೇಕ ಕಡೆ ಪೆಟ್ರೋಲ್ ಗ್ಯಾಲನ್ ಲೆಕ್ಕ, ಅಲ್ಲಿ ಲೀಟರ್ ಲೆಕ್ಕ. ಗಿರಾಕಿ ಯಾರು ಅಂತ ಬಂಕಿನವರಿಗೆ ಚೆನ್ನಾಗಿ ಗೊತ್ತು.

ಆದರೆ ಹತ್ತಿರ ಇದೆ ಅಂತ ಮಾತ್ರಕ್ಕೆ ಯಾರೂ ಗಡಿಯ ಸೇತುವೆ ಮೇಲೆ ಗಂಟೆಗಟ್ಟಲೆ ಕಾಯುವುದಿಲ್ಲ. ಡಾಲರ್ ಬಲ ನೋಡಿ ಜನ ಹೊರಡುತ್ತಾರೆ. 1991ರಲ್ಲಿ ಕೆನಡಾದ ಡಾಲರ್ ಬೆಲೆ ಅಮೆರಿಕದ 87 ಸೆಂಟ್ ಆಸುಪಾಸು ಇತ್ತು. ಅದೇ ಜನವರಿಯಲ್ಲಿ ಸರ್ಕಾರ ಜಿಎಸ್‌ಟಿ ಅಂತ 7 ಪರ್ಸೆಂಟ್ ಹೊಸ ತೆರಿಗೆ ಹಾಕಿತು. ಆ ಒಂದೇ ವರ್ಷ ಬೆಳಗ್ಗೆ ಹೋಗಿ ಸಂಜೆ ವಾಪಸ್ ಬಂದ ಕಾರು ಪ್ರಯಾಣಗಳು ಸುಮಾರು 5.9 ಕೋಟಿ! ಆಗ ಇಡೀ ದೇಶದ ಜನಸಂಖ್ಯೆ ಮೂರು ಕೋಟಿಗಿಂತ ಕಡಿಮೆ. 2002ರಲ್ಲಿ ಡಾಲರ್ 62 ಸೆಂಟ್‌ಗೆ ಬಿತ್ತು, ಆ ಹೊತ್ತಿಗೆ ಗಡಿ ಸಂತೆ ಸೊರಗಿತ್ತು. 2007ರ ನವೆಂಬರ್‌ನಲ್ಲಿ ಅದೇ ಡಾಲರ್ 1.10 ಅಮೆರಿಕನ್ ಡಾಲರಿಗೆ ಏರಿತು, ಮತ್ತೆ ಸಾಲು ಶುರು.

ತೆರಿಗೆ ತಪ್ಪಿಸಿಕೊಳ್ಳಲು ಹೋಗುತ್ತಾರೆ ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಅಷ್ಟು ಸರಿ ಅನಿಸುವುದಿಲ್ಲ. ವಾಪಸ್ ಬರುವಾಗ ತೆರಿಗೆ ಕಟ್ಟಲೇಬೇಕು. 24 ಗಂಟೆ ಆಚೆ ಇದ್ದರೆ 200 ಡಾಲರ್ ಮಾಲಿಗೆ ವಿನಾಯಿತಿ, 48 ಗಂಟೆಗೆ 800. ಒಂದೇ ದಿನದಲ್ಲಿ ಹೋಗಿ ಬಂದರೆ ನಿಯಮದ ಪ್ರಕಾರ ಸೊನ್ನೆ. ಸಣ್ಣಪುಟ್ಟ ಸಾಮಾನಾದರೆ ಅಧಿಕಾರಿ ಕೈಬೀಸಿ ಕಳಿಸುವುದೂ ಉಂಟು, ಅದು ಬೇರೆ ಮಾತು.

ನಿಜವಾದ ಕಾರಣ ಆ ಹಾಲಿನ ಕ್ಯಾನಿನಲ್ಲೇ ಇದೆ. ಕೆನಡಾದಲ್ಲಿ 1970ರ ದಶಕದಿಂದ ಒಂದು ಪದ್ಧತಿ ನಡೆದುಬಂದಿದೆ, ಸಪ್ಲೈ ಮ್ಯಾನೇಜ್‌ಮೆಂಟ್ ಅಂತ. ಹಾಲು, ಮೊಟ್ಟೆ, ಕೋಳಿ ಎಷ್ಟು ಉತ್ಪಾದನೆ ಆಗಬೇಕು ಅಂತ ಮೊದಲೇ ನಿಗದಿ. ರೈತನ ಹತ್ತಿರ ಕೋಟಾ ಇದ್ದರೆ ಮಾತ್ರ ಹಾಲು ಮಾರಬಹುದು. ಒಂಟಾರಿಯೋ, ಕ್ವಿಬೆಕ್ ಪ್ರಾಂತ್ಯಗಳಲ್ಲಿ ಸರಿಸುಮಾರು ಒಂದು ಹಸುವಿನ ಲೆಕ್ಕದ ಕೋಟಾಕ್ಕೇ 24,000 ಡಾಲರ್. ಹಸುವಿನ ದುಡ್ಡು ಬೇರೆ! ಹೊರಗಿನ ಮಾಲು ನುಗ್ಗಬಾರದು ಅಂತ ಸುಂಕದ ಗೋಡೆ. ಮಿತಿ ಮೀರಿ ಬರುವ ಬೆಣ್ಣೆಗೆ 298 ಪರ್ಸೆಂಟ್, ಚೀಸ್‌ಗೆ 245, ಹಾಲಿಗೆ 241.

ರೈತರಿಗೆ ಇದರಿಂದ ಸ್ಥಿರ ಆದಾಯ ಸಿಗುತ್ತದೆ, ಹಳ್ಳಿಗಳು ಉಳಿದಿವೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಮೆರಿಕದಲ್ಲಿ ಡೈರಿಗಳು ಮುಚ್ಚಿದ ಪರಿ ನೋಡಿದರೆ ಕೆನಡಾದ ರೈತರ ಭಯ ಅರ್ಥ ಆಗುತ್ತದೆ. ಆದರೆ ಈ ರಕ್ಷಣೆಯ ಖರ್ಚು ಬಜೆಟ್‌ನಲ್ಲಿ ಕಾಣುವುದಿಲ್ಲ, ಅಂಗಡಿ ಬಿಲ್ಲಿನಲ್ಲಿ ಬರುತ್ತದೆ. ಮಕ್ಕಳು ಜಾಸ್ತಿ ಇರುವ ಬಡ ಮನೆ ಜಾಸ್ತಿ ಹಾಲು ಕೊಳ್ಳುತ್ತದೆ, ಹಾಗಾಗಿ ಅದರ ಸಂಬಳದಲ್ಲಿ ದೊಡ್ಡ ಪಾಲು ಇಲ್ಲಿಗೇ ಹೋಗುತ್ತದೆ. ಒಂಟಾರಿಯೋಗೆ ಬಂದ ಕನ್ನಡಿಗರಿಗೆ ಹಾಲು ಪ್ಯಾಕೆಟ್‌ನಲ್ಲಿ ಸಿಗುವುದು ನೋಡಿ ನಂದಿನಿ ನೆನಪಾಗಿ ಖುಷಿ ಆಗುತ್ತದೆ. ಬೆಲೆ ನೋಡಿದ ಮೇಲೆ ಆ ಖುಷಿ ಇರುವುದಿಲ್ಲ.

ಈ ಗೋಡೆ ಎಷ್ಟು ಎತ್ತರ ಅಂದರೆ, ಅಲ್ಲಿ ಚೀಸ್ ಕಳ್ಳಸಾಗಣೆಯೇ ನಡೆದಿದೆ. ತಮಾಷೆ ಅಲ್ಲ. 2012ರಲ್ಲಿ ನಯಾಗರದಲ್ಲಿ ಮೂರು ಜನರ ಮೇಲೆ ಕೇಸ್ ಆಯಿತು. ಅಮೆರಿಕದಿಂದ ಸುಮಾರು 2 ಲಕ್ಷ ಡಾಲರ್ ಬೆಲೆಯ ಚೀಸ್ ಮತ್ತಿತರ ಆಹಾರ ತಂದು ಹೋಟೆಲುಗಳಿಗೆ ಮಾರಿದರು ಅನ್ನೋ ಆರೋಪ. ಅವರಲ್ಲಿ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್!

ಇದೆಲ್ಲ ಹಾಲಿನ ಕತೆ. ಬಟ್ಟೆ, ಪುಸ್ತಕ, ಟೈರಿಗೆ ಯಾವ ಕೋಟಾನೂ ಇಲ್ಲ, ಆದರೂ ಬೆಲೆ ಜಾಸ್ತಿ. 2007ರಲ್ಲಿ ಎರಡೂ ದೇಶದ ಡಾಲರ್ ಸಮ ಆದಾಗ ಜನ ಪುಸ್ತಕದ ಬೆನ್ನು ತಿರುಗಿಸಿ ನೋಡಿ ಸಿಟ್ಟಾದರು. ಎರಡೂ ದೇಶದ ಬೆಲೆ ಪಕ್ಕಪಕ್ಕದಲ್ಲೇ ಅಚ್ಚಾಗಿತ್ತು. ಸರ್ಕಾರದ ನಿಯಮವೇ ವಿತರಕರಿಗೆ ಅಮೆರಿಕದ ಬೆಲೆಯ ಮೇಲೆ 10 ಪರ್ಸೆಂಟ್ ಸೇರಿಸಲು ಬಿಡುತ್ತದೆ. ಸೆನೆಟ್ ಸಮಿತಿ ಇದನ್ನೆಲ್ಲ ವಿಚಾರಿಸಿ 2013ರಲ್ಲಿ ವರದಿ ಕೊಟ್ಟಿತು. ಖಚಿತವಾದ ಒಂದೇ ಕಾರಣ ಅದಕ್ಕೂ ಸಿಗಲಿಲ್ಲ. ಸಣ್ಣ ಮಾರುಕಟ್ಟೆ, ಸಾಗಣೆ ಖರ್ಚು, ಸುಂಕ ಎಲ್ಲ ಇವೆ. ಜೊತೆಗೆ ಕಂಪನಿಗಳು ಕೆನಡಾಕ್ಕೆ ಅಂತಲೇ ಬೇರೆ ಬೆಲೆ ಕಟ್ಟುವ ಅಭ್ಯಾಸವೂ ಇದೆ. ಜನ ಕೊಡುತ್ತಾರೆ, ನಾವು ತಗೋತೀವಿ, ಅಷ್ಟೇ ಅನ್ನೋ ಧೋರಣೆ.

ಆ ವರ್ಷಗಳಲ್ಲಿ ಆದ ಇನ್ನೊಂದು ಘಟನೆ ನೋಡಿ. ಗಡಿ ದಾಟುವ ಜನರಿಗೆ ಟಾರ್ಗೆಟ್ ಅನ್ನೋ ಅಮೆರಿಕದ ಅಂಗಡಿ ಸರಪಳಿ ಇಷ್ಟ ಅಂತ ಆ ಕಂಪನಿಯೇ 2013ರ ಮಾರ್ಚ್‌ನಲ್ಲಿ ಕೆನಡಾಕ್ಕೆ ಬಂತು. 133 ಅಂಗಡಿ ತೆರೆಯಿತು. 2015ರ ಜನವರಿಯಲ್ಲಿ ಬಾಗಿಲು ಹಾಕುತ್ತೇವೆ ಅಂತ ಘೋಷಿಸಿತು. ಶೆಲ್ಫ್ ಖಾಲಿ, ಬೆಲೆ ಅಮೆರಿಕಕ್ಕಿಂತ ಜಾಸ್ತಿ. ಜನರಿಗೆ ಬೇಕಿದ್ದದ್ದು ಟಾರ್ಗೆಟ್ ಬೋರ್ಡ್ ಅಲ್ಲ, ಆ ಕಡೆಯ ಬೆಲೆ.

ಈಗ ನನ್ನ ವಾದಕ್ಕೆ ಬರುತ್ತೇನೆ. 1991ರಿಂದಲೂ ಗಡಿ ದಾಟುವವರನ್ನು ಬೈಯುವುದು ಒಂದು ರೂಢಿ. ದೇಶಪ್ರೇಮ ಇಲ್ಲ, ಸ್ಥಳೀಯ ಅಂಗಡಿಗೆ ದ್ರೋಹ, ಇತ್ಯಾದಿ. ನನ್ನ ಪ್ರಕಾರ ಅವರು ತಮಗೆ ಗೊತ್ತಿಲ್ಲದೆಯೇ ಇಡೀ ದೇಶದ ಕೆಲಸ ಮಾಡಿದರು. ಕೆನಡಾದ ದಿನಸಿ ವ್ಯಾಪಾರ ಬೆರಳೆಣಿಕೆಯ ಕಂಪನಿಗಳ ಕೈಯಲ್ಲಿದೆ. ಲೋಬ್ಲಾ, ಸೋಬೀಸ್, ಮೆಟ್ರೋ, ಜೊತೆಗೆ ವಾಲ್‌ಮಾರ್ಟ್, ಕಾಸ್ಟ್‌ಕೋ. ಬ್ರೆಡ್ ಬೆಲೆಯನ್ನು 2001ರಿಂದ ವರ್ಷಗಟ್ಟಲೆ ಒಳಗೊಳಗೇ ಮಾತಾಡಿಕೊಂಡು ಏರಿಸಿದೆವು ಅಂತ ಲೋಬ್ಲಾ ಮತ್ತು ಅದರ ಮಾತೃಸಂಸ್ಥೆ 2017ರಲ್ಲಿ ಒಪ್ಪಿಕೊಂಡವು. ಆಗ ಗಿರಾಕಿಗೆ ಸಿಕ್ಕಿದ್ದು 25 ಡಾಲರ್ ಕಾರ್ಡ್. ಇಂಥವರ ನಡುವೆ ಪೈಪೋಟಿ ಎಲ್ಲಿಂದ ಬರಬೇಕು? ಬಫಲೋ ಕಡೆಗೆ ತಿರುಗಿದ ಕಾರಿನಿಂದ ಒಂದಿಷ್ಟು ಬಂತು. ಕೆನಡಾದ ಅಂಗಡಿಗಳು ಬ್ಲ್ಯಾಕ್ ಫ್ರೈಡೇ ಅನ್ನೋ ಅಮೆರಿಕದ ರಿಯಾಯಿತಿ ಮಾರಾಟ ಶುರು ಮಾಡಿದ್ದೇ ಜನ ಆ ಕಡೆ ಹೋಗದಿರಲಿ ಅಂತ. 2013ರ ಬಜೆಟ್‌ನಲ್ಲಿ ಎಳೆ ಮಕ್ಕಳ ಬಟ್ಟೆ ಮತ್ತು ಹಾಕಿ ಆಟದ ಸಾಮಾನಿನ ಸುಂಕ ತೆಗೆದಿದ್ದೂ ಈ ಬೆಲೆ ವ್ಯತ್ಯಾಸದ ಗಲಾಟೆಯಿಂದಲೇ.

ಒಂದು ಅನ್ಯಾಯ ಮಾತ್ರ ಇದೆ, ಅದು ನಮ್ಮವರನ್ನೂ ತಾಗುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕೆನಡಾದ ಪಿಆರ್, ಅಂದರೆ ಕಾಯಂ ವಾಸದ ಅನುಮತಿ ಇದ್ದರೂ ಅಮೆರಿಕದ ವೀಸಾ ಬೇಕು. ಟೊರೊಂಟೊ ಪಕ್ಕದ ಬ್ರ್ಯಾಂಪ್ಟನ್‌ನಲ್ಲಿ ಬೇಸ್‌ಮೆಂಟ್ ಬಾಡಿಗೆ ಕಟ್ಟಿಕೊಂಡು ದಿನಸಿ ಬೆಲೆಗೆ ಬೆವರುವ ಹೊಸಬರಿಗೆ ಈ ದಾರಿಯೇ ಇಲ್ಲ. ಕಾರು, ಪಾಸ್‌ಪೋರ್ಟ್, ಶನಿವಾರ ರಜೆ ಇದ್ದವರಿಗೆ ಮಾತ್ರ ಅಗ್ಗದ ಬೆಣ್ಣೆ.

2025ರಲ್ಲಿ ಎಲ್ಲ ಬದಲಾಯಿತು. ಟ್ರಂಪ್ ಸುಂಕ ಹಾಕಿದರು, ಕೆನಡಾ 51ನೇ ರಾಜ್ಯ ಆಗಲಿ ಅಂದರು. ಜನಕ್ಕೆ ಸಿಟ್ಟು ಬಂತು. ಒಂಟಾರಿಯೋದ ಸರ್ಕಾರಿ ಮದ್ಯದಂಗಡಿಗಳು ಅಮೆರಿಕದ ಬಾಟಲಿಗಳನ್ನು ಕೆಳಗಿಳಿಸಿದವು. ಏಪ್ರಿಲ್‌ನಲ್ಲಿ ಅಮೆರಿಕಕ್ಕೆ ಕಾರಿನಲ್ಲಿ ಹೋಗಿಬಂದವರ ಪ್ರಯಾಣ ಹಿಂದಿನ ವರ್ಷಕ್ಕಿಂತ 35 ಪರ್ಸೆಂಟ್ ಇಳಿಯಿತು. ಮೂವತ್ತು ವರ್ಷದ ಬೈಗುಳದಿಂದ ಆಗದ್ದು ಒಬ್ಬ ಅಧ್ಯಕ್ಷರ ಬಾಯಿಂದ ಆಯಿತು!

ಆ ಸಿಟ್ಟು ನ್ಯಾಯವಾದದ್ದೇ. ನಾನು ಅಲ್ಲಿದ್ದಿದ್ದರೆ ನಾನೂ ಹೋಗುತ್ತಿರಲಿಲ್ಲ. ಆದರೆ ಇದರ ಇನ್ನೊಂದು ಪರಿಣಾಮದ ಬಗ್ಗೆ ಯಾರೂ ಜಾಸ್ತಿ ಮಾತಾಡುತ್ತಿಲ್ಲ. ಅಂಗಡಿಯವರಿಗಿದ್ದ ಹೆದರಿಕೆ ಹೋಯಿತು. ಬೆಲೆ ಏರಿಸಿದರೆ ಗಿರಾಕಿ ಸೇತುವೆ ದಾಟುತ್ತಾನೆ ಅನ್ನೋ ಚಿಂತೆ ಈಗ ಕಡಿಮೆ, ಮೇಲೆ ಮೇಪಲ್ ಎಲೆಯ ಸ್ಟಿಕರ್ ಅಂಟಿಸಿದರೆ ಹೆಮ್ಮೆಯಿಂದ ಕೊಳ್ಳುತ್ತಾನೆ. ಅದೇ ವರ್ಷ ಜೂನ್‌ನಲ್ಲಿ ಕೆನಡಾ ಸಂಸತ್ತು ಸಿ-202 ಅನ್ನೋ ಕಾನೂನು ಮಾಡಿತು. ಇನ್ನು ಮುಂದೆ ಯಾವ ವ್ಯಾಪಾರ ಒಪ್ಪಂದದಲ್ಲೂ ಹಾಲು, ಮೊಟ್ಟೆ, ಕೋಳಿಯ ಆ ಸುಂಕದ ಗೋಡೆಯನ್ನು ವಿದೇಶಾಂಗ ಸಚಿವರು ಸಡಿಲಿಸುವಂತಿಲ್ಲ. ಅಮೆರಿಕದ ಒತ್ತಡಕ್ಕೆ ಬಗ್ಗಬಾರದು ಅನ್ನೋದು ಸರಿ. ಆದರೆ ಬ್ರ್ಯಾಂಪ್ಟನ್‌ನ ತಾಯಿ ಕೊಳ್ಳುವ ಬೆಣ್ಣೆಯ ಬೆಲೆಯನ್ನು ಇಳಿಸಲು ಟ್ರಂಪ್ ಕೇಳಬೇಕಾಗಿಲ್ಲ. ಒಟ್ಟಾವಾದ ಸರ್ಕಾರ ತಾನಾಗಿಯೇ ಕೋಟಾ ಹೆಚ್ಚಿಸಬಹುದು, ದಿನಸಿ ಕಂಪನಿಗಳ ಲೆಕ್ಕ ಕೇಳಬಹುದು. ಜನ ಮನೆಯಲ್ಲೇ ಉಳಿದು ಕೊಳ್ಳುತ್ತಿರುವ ಈ ಹೊತ್ತಲ್ಲೇ ಅದನ್ನು ಮಾಡಬೇಕಿತ್ತು. ಮಾಡಿದ್ದು ಮಾತ್ರ ಗೋಡೆಗೆ ಬೀಗ.