ಮೊದಲು ಮೂಲ ವೇಗಕ್ಕೆ ಮರಳಿ

ಕೇಳುಗರೆಲ್ಲರಿಗೂ ನಮಸ್ಕಾರ. ಡೆಸ್ಕ್‌ಟಾಪ್ ಕಂಪ್ಯೂಟರಿನ ವೇಗ ಹೆಚ್ಚಿಸಿಕೊಂಡು, ಈಗ ಅದು ಹೊತ್ತಲ್ಲದ ಹೊತ್ತಿನಲ್ಲಿ ನೀಲಿ ಪರದೆ ತೋರಿಸಿ ನಿಂತುಬಿಡುತ್ತಿದೆ ಎಂದು ತಲೆ ಕೆಡಿಸಿಕೊಂಡಿದ್ದೀರಾ? ಇಂದಿನ ಮಾತು ನಿಮಗಾಗಿ. ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಬಿಡಿಭಾಗವನ್ನೂ ಕೊಳ್ಳಬೇಡಿ, ವಿಂಡೋಸ್ ಮತ್ತೆ ಹಾಕಿಸಬೇಡಿ. ಮೊದಲು ಎಲ್ಲವನ್ನೂ ಕಾರ್ಖಾನೆ ಕೊಟ್ಟ ಮೂಲ ವೇಗಕ್ಕೆ ಮರಳಿಸಿ.

ವೇಗ ಹೆಚ್ಚಿಸುವುದನ್ನು ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಇದು ತಪ್ಪು ಕೆಲಸವಲ್ಲ, ನನಗೆ ಬಹಳ ಪ್ರಿಯವಾದ ಕೆಲಸ. 1998ರಲ್ಲಿ ಬಂದ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು ಎಷ್ಟೋ ಜನ 300ರಿಂದ 450 ಮೆಗಾಹರ್ಟ್ಸ್‌ಗೆ ಏರಿಸಿ, ದುಬಾರಿ ಪ್ರೊಸೆಸರಿನ ಕೆಲಸವನ್ನು ಅದರಿಂದಲೇ ತೆಗೆದರು. ಆದರೆ ಒಳಗೆ ನಡೆಯುವುದೇನೆಂದು ತಿಳಿದಿರಬೇಕು. ಮಗ್ಗ ನೋಡಿದವರಿಗೆ ಇದು ಸುಲಭ. ಲಾಳಿ ಈ ತುದಿಯಿಂದ ಆ ತುದಿಗೆ ತಲುಪುವ ಮೊದಲೇ ಹಾಸಿನ ಎಳೆಗಳು ಮುಚ್ಚಿಕೊಂಡರೆ ನೂಲು ತುಂಡಾಗುತ್ತದೆ. ಪ್ರೊಸೆಸರಿನಲ್ಲಿ ಓಡುವ ವಿದ್ಯುತ್ ಸಂಕೇತವೇ ಈ ಲಾಳಿ. ನಾಲ್ಕು ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 400 ಕೋಟಿ ಸಲ ಆ ಮಗ್ಗ ತೆರೆದು ಮುಚ್ಚಬೇಕು. ಒಂದು ಸಲ ಸಂಕೇತ ತಡವಾಗಿ ತಲುಪಿದರೂ ಲೆಕ್ಕ ತಪ್ಪಬಹುದು, ಕಂಪ್ಯೂಟರ್ ಕುಸಿಯಬಹುದು. ಲಾಳಿ ಬೇಗ ಓಡಲಿ ಎಂದು ವೋಲ್ಟೇಜ್ ಹೆಚ್ಚಿಸುತ್ತೇವೆ. ಆಗ ಬಿಸಿ ಏರುತ್ತದೆ, ಅದೂ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ. ವೇಗ ಶೇಕಡ 10 ಹೆಚ್ಚಿಸಿ, ವೋಲ್ಟೇಜನ್ನು 1.2ರಿಂದ 1.3ಕ್ಕೆ ಏರಿಸಿದರೆ ಬಿಸಿ ಶೇಕಡ 29ರಷ್ಟು ಹೆಚ್ಚುತ್ತದೆ.

ಒಂದು ಪ್ರಸಂಗ ಹೇಳುತ್ತೇನೆ. ಒಂದು ಏಪ್ರಿಲ್ ತಿಂಗಳಲ್ಲಿ ದಾವಣಗೆರೆಯಿಂದ ಒಬ್ಬ ಹುಡುಗ ಬಂದ. ಮದುವೆ ವಿಡಿಯೊ ಎಡಿಟ್ ಮಾಡುವ ಹುಡುಗ. ಕ್ಯಾಬಿನೆಟ್ಟನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದ. ನಾಲ್ಕು ಗಂಟೆಯ ಮದುವೆ ವಿಡಿಯೊ ಸಿದ್ಧವಾಗಬೇಕು, ನಲವತ್ತನೆಯ ನಿಮಿಷಕ್ಕೆ ಕಂಪ್ಯೂಟರ್ ನಿಲ್ಲುತ್ತದೆ. ಮದುಮಗಳ ಮನೆಯವರು ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದಾರೆ. ಅಷ್ಟರಲ್ಲಿ ಮೂರು ಅಂಗಡಿ ಸುತ್ತಿದ್ದ. ಮೊದಲನೆಯವರು ವಿಂಡೋಸ್‌ನ ಇವೆಂಟ್ ವ್ಯೂವರ್, ಅಂದರೆ ಕಂಪ್ಯೂಟರಿನಲ್ಲಿ ನಡೆದದ್ದರ ದಾಖಲೆ, ತೆರೆದು, ಅಲ್ಲಿ ಕರ್ನಲ್ ಪವರ್ 41 ಎಂದು ಇದ್ದುದನ್ನು ನೋಡಿ, ಪವರ್ ಎಂದರೆ ವಿದ್ಯುತ್ ಪೂರೈಸುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್ ಹೋಗಿದೆ ಎಂದು ಹೊಸದು ಹಾಕಿದರು. ಆ ಸಾಲಿಗೆ ಆ ಅರ್ಥವೇ ಇಲ್ಲ! ಕಂಪ್ಯೂಟರ್ ಸರಿಯಾಗಿ ಮುಚ್ಚಿಕೊಳ್ಳದೆ ನಿಂತಿತು ಎಂದಷ್ಟೇ ಅದು ಹೇಳುತ್ತದೆ, ಏಕೆ ನಿಂತಿತು ಎಂದು ಹೇಳುವುದಿಲ್ಲ. ಎರಡನೆಯವರು ರ್‍ಯಾಮ್ ಸಾಲದು ಎಂದು ಇನ್ನೆರಡು ಪಟ್ಟಿ ಸೇರಿಸಿದರು. ಮೂರನೆಯವರು ಮೂರು ಸಲ ವಿಂಡೋಸ್ ಹಾಕಿದರು. ವಿಂಡೋಸ್‌ಗಿಂತ ಮೊದಲು ಏಳುವ, ವೇಗದ ಅಂಕಿಗಳು ಇರುವ ಬಯೋಸ್ ತೆರೆದು ನೋಡಿದವರು ಒಬ್ಬರೂ ಇಲ್ಲ.

"ಬಯೋಸ್‌ನಲ್ಲಿ ಏನಾದರೂ ಬದಲಾಯಿಸಿದ್ದೀಯಾ?" ಎಂದು ಕೇಳಿದೆ. "ಇಲ್ಲ ಸರ್, ನಾನೇನೂ ಮುಟ್ಟಿಲ್ಲ" ಎಂದ. ಕಂಪ್ಯೂಟರ್ ಹಚ್ಚಿ ಡಿಲೀಟ್ ಕೀಲಿ ಒತ್ತಿ ಒಳಗೆ ಹೋದೆ. ಪ್ರೊಸೆಸರಿನ ವೇಗ ನಿರ್ಧರಿಸುವ ಗುಣಕ 42 ಇರಬೇಕಾದ ಕಡೆ 47. ವೋಲ್ಟೇಜ್ 1.36. ರ್‍ಯಾಮಿಗೆ ಎಕ್ಸ್‌ಎಂಪಿ ಎಂಬ ವೇಗ ಏರಿಸುವ ಸಿದ್ಧ ಹೊಂದಿಕೆ ಹಾಕಿ 3600, ಅದೂ ನಾಲ್ಕು ಪಟ್ಟಿಗಳ ಮೇಲೆ. ಹುಡುಗ ಪರದೆಯನ್ನೇ ನೋಡುತ್ತಾ ನಿಂತ. ಆಮೇಲೆ ನೆನಪಿಗೆ ಬಂತು, ಡಿಸೆಂಬರಿನಲ್ಲಿ ಗೆಳೆಯನೊಬ್ಬ ಮನೆಗೆ ಬಂದಾಗ "ವೇಗ ಮಾಡಿಕೊಟ್ಟು" ಹೋಗಿದ್ದ. ಡಿಸೆಂಬರಿನ ಚಳಿಯಲ್ಲಿ ನಡೆದದ್ದು ಏಪ್ರಿಲಿನ ಸೆಖೆಯಲ್ಲಿ ನಡೆಯಲಿಲ್ಲ, ಅಷ್ಟೇ.

ಎಲ್ಲವನ್ನೂ ಮೂಲಕ್ಕೆ ಮರಳಿಸಿದೆ. ಬಯೋಸ್‌ನಲ್ಲಿ ಲೋಡ್ ಡಿಫಾಲ್ಟ್ಸ್ ಎಂದು ಇರುತ್ತದೆ, ಒಂದೇ ಕೀಲಿ. ಅಂದು ರಾತ್ರಿ ನಾಲ್ಕು ಗಂಟೆಯ ಮದುವೆ ಒಮ್ಮೆಯೂ ನಿಲ್ಲದೆ ಪೂರ್ತಿಯಾಯಿತು. ಬೆಳಿಗ್ಗೆ ಹುಡುಗ ತಾಳಿ ಕಟ್ಟುವ ದೃಶ್ಯವನ್ನು ಎರಡು ಸಲ ಓಡಿಸಿ ನೋಡಿದ, ನಂತರವೇ ಕಾಫಿ ಕುಡಿದ.

ಇನ್ನು ಅವನಿಗೆ ವೇಗವೂ ಬೇಕಿತ್ತು. ಕೊಟ್ಟೆ, ಆದರೆ ಒಂದೊಂದಾಗಿ. ಮೊದಲು ರ್‍ಯಾಮ್ ಮಾತ್ರ 3200ಕ್ಕೆ ಏರಿಸಿ, ಪೆನ್ ಡ್ರೈವ್‌ನಿಂದ ಮೆಮ್‌ಟೆಸ್ಟ್86 ಎಂಬ ರ್‍ಯಾಮ್ ಪರೀಕ್ಷೆ ಓಡಲು ಇಡೀ ರಾತ್ರಿ ಬಿಟ್ಟೆ. ಅಲ್ಲಿ ಒಂದೇ ಒಂದು ಕೆಂಪು ಸಾಲು ಬಂದರೂ ಆ ವೇಗ ಬೇಡ. ಆಮೇಲೆ ಫ್ಯಾನ್ ಬಿಚ್ಚಿದೆ. ಪ್ರೊಸೆಸರಿನ ಬಿಸಿ ಹೊರಹಾಕುವ ಹೀಟ್‌ಸಿಂಕಿನ ರೆಕ್ಕೆಗಳ ಮೇಲೆ ಬೂದು ಧೂಳು ಕಂಬಳಿಯಂತೆ ಕುಳಿತಿತ್ತು, ಬೆರಳಿನಿಂದ ಎಳೆದರೆ ಒಂದೇ ಹಾಳೆಯಾಗಿ ಎದ್ದು ಬಂತು. ಒರೆಸಿ, ಬಿಸಿ ದಾಟಿಸುವ ಹೊಸ ಥರ್ಮಲ್ ಪೇಸ್ಟ್ ಹಚ್ಚಿದ ಮೇಲೆ ಪ್ರೊಸೆಸರ್ 43, 44, 45 ಎಂದು ಒಂದೊಂದೇ ಮೆಟ್ಟಿಲು ಏರಿತು. ಪ್ರತಿ ಮೆಟ್ಟಿಲಿಗೂ ಒಂದು ಗಂಟೆ ಪ್ರೈಮ್95 ಎಂಬ, ಪ್ರೊಸೆಸರನ್ನು ಪೂರ್ತಿ ದುಡಿಸುವ ಪರೀಕ್ಷೆ ಓಡಿಸಿದೆವು. 46ಕ್ಕೆ ಕುಸಿಯಿತು. ವೋಲ್ಟೇಜ್ ಕೂಡಿಸೋಣ ಸರ್ ಎಂದ ಹುಡುಗ, ನಾನು ಒಪ್ಪಲಿಲ್ಲ. ಎರಡು ಮೆಟ್ಟಿಲು ಕೆಳಗೆ, 44ರಲ್ಲಿ ನಿಲ್ಲಿಸಿದೆ. ಆ ಅಂಕಿಗಳನ್ನು ಸ್ಕೆಚ್ ಪೆನ್ನಿನಲ್ಲಿ ಬರೆದು ಕ್ಯಾಬಿನೆಟ್ಟಿನ ಒಳಬದಿಗೆ ಅಂಟಿಸಿದೆವು.

ಸಮಯ ಕಡಿಮೆ ಉಳಿದಿದೆ, ಮಿಕ್ಕದ್ದನ್ನು ಬೇಗ ಹೇಳುತ್ತೇನೆ. ನೀಲಿ ಪರದೆಯಲ್ಲಿ ಅಥವಾ ಇವೆಂಟ್ ವ್ಯೂವರಿನಲ್ಲಿ ಡಬ್ಲ್ಯೂ ಎಚ್ ಇ ಎ ಎಂಬ ನಾಲ್ಕು ಅಕ್ಷರ ಕಂಡರೆ ಯಂತ್ರಾಂಶವೇ ದೂರು ಕೊಡುತ್ತಿದೆ ಎಂದು ತಿಳಿಯಿರಿ, ಮೂಲ ವೇಗಕ್ಕೆ ಮರಳಿ. ಎಕ್ಸ್‌ಎಂಪಿ ಕೂಡ ಓವರ್‌ಕ್ಲಾಕಿಂಗ್ ಎಂಬುದನ್ನು ಮರೆಯಬೇಡಿ. ರ್‍ಯಾಮಿನ ಡಬ್ಬದ ಮೇಲೆ 3600 ಎಂದು ಅಚ್ಚಾಗಿದ್ದರೂ ನಿಮ್ಮ ಪ್ರೊಸೆಸರ್ ಅಷ್ಟಕ್ಕೆ ಮಾತು ಕೊಟ್ಟಿಲ್ಲ. ಗ್ರಾಫಿಕ್ಸ್ ಕಾರ್ಡಿನ ವೇಗ ಏರಿಸಿದ್ದರೆ ಅದನ್ನೂ ಇಳಿಸಿ. ಮೂಲ ವೇಗಕ್ಕೆ ಮರಳಿದ ಕೂಡಲೇ, ಬೇರೆ ಯಾವ ಪರೀಕ್ಷೆಗೂ ಮೊದಲು, ಫೋಟೊ, ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ತಪ್ಪುವ ರ್‍ಯಾಮ್ ಕಂಪ್ಯೂಟರನ್ನು ನಿಲ್ಲಿಸುವುದಷ್ಟೇ ಅಲ್ಲ, ಸದ್ದಿಲ್ಲದೆ ಕಡತಗಳನ್ನೂ ಕೆಡಿಸುತ್ತದೆ. ಆ ನಕಲು ತೆಗೆಯುವಾಗಲೂ ಕಂಪ್ಯೂಟರ್ ಮೂಲ ವೇಗದಲ್ಲಿಯೇ ಇರಲಿ.

ಪರದೆಯೇ ಬರುತ್ತಿಲ್ಲ, ಬಯೋಸ್‌ಗೆ ಹೋಗುವುದು ಹೇಗೆ ಎಂದು ಕೇಳುವವರಿದ್ದಾರೆ. ಪ್ಲಗ್ ಕಿತ್ತು, ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಬ್ಯಾಟರಿಯನ್ನು ಹೊರಗೆ ತೆಗೆಯಿರಿ. ಅದರ ಮೇಲೆ ಸಿಆರ್ 2032 ಎಂದು ಬರೆದಿರುತ್ತದೆ. ಹತ್ತು ನಿಮಿಷ ಬಿಟ್ಟು ಮತ್ತೆ ಕೂರಿಸಿದರೆ ವೇಗ ತಾನಾಗಿಯೇ ಮೂಲಕ್ಕೆ ಮರಳುತ್ತದೆ. ಗಡಿಯಾರ ಮಾತ್ರ ಹಳೆಯ ವರ್ಷಕ್ಕೆ ಹೋಗಿರುತ್ತದೆ. ದಿನಾಂಕ ಸರಿಪಡಿಸದಿದ್ದರೆ ಬ್ಯಾಂಕಿನ ಜಾಲತಾಣ ತೆರೆಯುವುದಿಲ್ಲ, ಅದನ್ನು ಹೊಸ ದೋಷವೆಂದು ತಿಳಿದು ಮತ್ತೆ ಅಂಗಡಿಗೆ ಹೊತ್ತುಕೊಂಡು ಹೋಗಬೇಡಿ. ನಮಸ್ಕಾರ.