ಎರಡು ಗಂಟೆಗೆ ಮೂವರು ಹೆಂಗಸರು

ಕೇಳುಗರಿಗೆಲ್ಲ ನಮಸ್ಕಾರ.

ಸಿದ್ದಾಪುರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಈಗ ರೋಬಸ್ಟಾ ಕುಯ್ಲಿನ ಸಮಯ, ಬೆಳಗ್ಗೆ ಎದ್ದರೆ ಕೂರಲು ಪುರುಸೊತ್ತಿಲ್ಲ. ಮಧ್ಯಾಹ್ನ ಎಲ್ಲರ ಊಟ ಮುಗಿಸಿ, ಪಾತ್ರೆ ತೊಳೆದು, ಕಣದಲ್ಲಿ ಹರಡಿದ ಕಾಫಿಯನ್ನು ಒಮ್ಮೆ ತಿರುವಿ ಬರುವಾಗ ಎರಡು ಗಂಟೆ. ಅಲ್ಲಿಂದ ಮುಂದೆ ಒಂದು ಗಂಟೆ ನನ್ನದು. ಹೋದ ವಾರ ಆ ಒಂದು ಗಂಟೆಯನ್ನು ಟಿವಿ ಮುಂದೆ ಕಳೆದೆ. ಒಂದು ವಾಹಿನಿಯಲ್ಲಿ ಹೊಸ ಹರಟೆ ಕಾರ್ಯಕ್ರಮ ಶುರುವಾಗಿದೆ. ನಡೆಸುವವರು ಮೂವರು ಹೆಂಗಸರು. ಅದನ್ನು ನೋಡಿ ನನಗೆ ಅನಿಸಿದ್ದನ್ನು ಇವತ್ತು ನಿಮ್ಮ ಹತ್ತಿರ ಹೇಳಬೇಕು.

ಮೊದಲ ದಿನ ಅಷ್ಟೇನೂ ಹಿಡಿಸಲಿಲ್ಲ. ಮೂವರೂ ಒಟ್ಟಿಗೆ ಮಾತಾಡುತ್ತಿದ್ದರು, ನಗು ಜಾಸ್ತಿ. ಎರಡನೇ ದಿನ ಒಂದು ಸಿನಿಮಾದವರು ಬಂದರು, ಆ ದಿನ ಪೂರ್ತಿ ಅವರದೇ ಆಯಿತು. ಮೂರನೇ ದಿನ ಬುಧವಾರ. ಆ ದಿನದ ವಿಷಯವನ್ನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ಮೂವರಲ್ಲಿ ಹಿರಿಯರಿಗೆ ಐವತ್ತು ದಾಟಿದೆ. ಅವರು ಏನೋ ಅಡುಗೆ ಮಾತಿನ ನಡುವೆ, 'ನನಗೆ ಮುಟ್ಟು ನಿಲ್ಲುವ ಕಾಲದಲ್ಲಿ ರಾತ್ರಿ ನಿದ್ದೆಯೇ ಇರಲಿಲ್ಲ' ಎಂದರು. ಇದ್ದಕ್ಕಿದ್ದ ಹಾಗೆ ಮೈ ಎಲ್ಲ ಕಾಯುವುದು, ಬೆವರು ಕಿತ್ತುಕೊಂಡು ಬರುವುದು, ಸುಮ್ಸುಮ್ನೆ ಮಕ್ಕಳ ಮೇಲೆ ರೇಗುವುದು, ಆಮೇಲೆ ಒಬ್ಬರೇ ಕೂತು ಅಳುವುದು. ತನಗೆ ತಲೆ ಕೆಟ್ಟಿತು ಎಂದೇ ಅವರು ತಿಳಿದಿದ್ದರಂತೆ. ಉಳಿದ ಇಬ್ಬರೂ ಆಗ ಮೊದಲ ಬಾರಿಗೆ ಸುಮ್ಮನೆ ಕೂತು ಕೇಳಿದರು.

ನನ್ನ ಪಕ್ಕದಲ್ಲಿ ಅತ್ತೆ ಕೂತಿದ್ದರು. ಮೊರದಲ್ಲಿ ಒಣಗಿದ ಒಳ್ಳೆಮೆಣಸು ಹಾಕಿಕೊಂಡು ಕಡ್ಡಿ, ತೊಟ್ಟು ಆರಿಸುತ್ತಿದ್ದರು. ಟಿವಿ ಕಡೆ ಅವರು ಕತ್ತೆತ್ತುವುದೇ ಕಮ್ಮಿ. ಆ ಮಾತು ಬಂದಾಗ ಅವರ ಕೈ ನಿಂತಿತು. ಎರಡು ಬೆರಳಿನ ನಡುವೆ ಒಂದು ಕಡ್ಡಿ ಹಾಗೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು: "ನನಗೂ ಹಾಗೇ ಆಗಿತ್ತು. ಮಕರ ಮಾಸದ ಚಳಿಯಲ್ಲೂ ಎದ್ದು ಹೊರಗೆ ಜಗಲಿಯಲ್ಲಿ ಕೂತಿರ್ತಿದ್ದೆ, ಸೆರಗಲ್ಲಿ ಗಾಳಿ ಹಾಕ್ಕೊಂಡು. ನಿನ್ನ ಮಾವ ಕೇಳಿದ್ರೆ, ತೋಟಕ್ಕೆ ಆನೆ ಬಂತಾ ಅಂತ ನೋಡೋಕೆ ಎದ್ದೆ ಅಂತಿದ್ದೆ."

ನಾನು ಈ ಮನೆಗೆ ಬಂದು ಇಪ್ಪತ್ತನಾಲ್ಕು ವರ್ಷ. ಅವರು ರಾತ್ರಿ ಎದ್ದು ಕೂರುತ್ತಿದ್ದದ್ದು ನನಗೆ ನೆನಪಿದೆ. ಆನೆಗೇ ಎಂದು ನಾನೂ ನಂಬಿದ್ದೆ. ನಮ್ಮ ಕಡೆ ಆನೆ ಬರುವುದು ನಿಜವೇ ಅಲ್ವಾ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಒಂದೇ ಅಡುಗೆಮನೆಯಲ್ಲಿ ದಿನವೂ ಬೆನ್ನಿಗೆ ಬೆನ್ನು ತಾಗುವಷ್ಟು ಹತ್ತಿರ ಇದ್ದೆವು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಈಗ ನನಗೇ ನಲವತ್ತೇಳು.

ಅಷ್ಟರಲ್ಲಿ ಟಿವಿಯಲ್ಲಿ ಜಾಹೀರಾತು ಬಂತು. ಮುಗಿದ ಮೇಲೆ ಆ ಹಿರಿಯರ ಮಾತು ಮುಂದುವರಿಯುತ್ತದೆ ಎಂದು ಇಬ್ಬರೂ ಕಾದೆವು. ಇಲ್ಲ. ಬೇರೊಬ್ಬರು ಬಂದು ಸೀರೆಯ ವಿಷಯ ತೆಗೆದರು. ನನಗೆ ನಿಜವಾಗಿ ಬೇಜಾರಾಯಿತು. ಕೇಳುವವರ ಗಂಟಲಿಗೆ ಮಾತು ಬಂದ ಹೊತ್ತಿನಲ್ಲೇ ಅದನ್ನು ಬಿಟ್ಟು ಎದ್ದು ಹೋದಂತಾಯಿತು.

ಅಲ್ಲಿ ಇನ್ನೂ ಹತ್ತು ನಿಮಿಷ ನಿಂತಿದ್ದರೆ ಎಷ್ಟೋ ಹೇಳಬಹುದಿತ್ತು. ಸಾಮಾನ್ಯವಾಗಿ 45ರಿಂದ 55 ವರ್ಷದೊಳಗೆ ಮುಟ್ಟು ನಿಲ್ಲುತ್ತದೆ. ಈಸ್ಟ್ರೊಜೆನ್ ಎನ್ನುವ ಹಾರ್ಮೋನು ಕಡಿಮೆಯಾಗುವುದರಿಂದಲೇ ಈ ಕಾವು, ಬೆವರು, ನಿದ್ದೆಗೇಡು. ತಲೆ ಕೆಟ್ಟದ್ದೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಮೂಳೆಯ ಬಲವೂ ಆಗ ಕುಂದುತ್ತದೆ. 12 ತಿಂಗಳು ಪೂರ್ತಿ ಮುಟ್ಟಾಗದಿದ್ದರೆ ನಿಂತಿತು ಎಂದು ಲೆಕ್ಕ. ಹಾಗೆ ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಸ್ವಲ್ಪವೇ ಆದರೂ, ಡಾಕ್ಟರಿಗೆ ತೋರಿಸಲೇಬೇಕು. ಕುಯ್ಲು ಮುಗಿಯಲಿ, ಆಮೇಲೆ ನೋಡೋಣ ಎಂದು ತಳ್ಳಬಾರದು. ನಮ್ಮಲ್ಲಿ ಹಾಗೆ ತಳ್ಳುವವರೇ ಜಾಸ್ತಿ.

ಹೆಂಗಸರ ಮಾತಿಗೆ ಮಧ್ಯಾಹ್ನದ ಹೊತ್ತು ಕೊಡುವುದು ಹೊಸತೇನಲ್ಲ. ಲಂಡನ್ನಿನ ಬಿಬಿಸಿ ರೇಡಿಯೊ 1946ರ ಅಕ್ಟೋಬರ್‌ನಲ್ಲಿ 'ವುಮನ್ಸ್ ಅವರ್' ಶುರು ಮಾಡಿದಾಗಲೂ ಮಧ್ಯಾಹ್ನ ಎರಡು ಗಂಟೆಯೇ. ಆದರೆ ಮೊದಲು ಅದನ್ನು ನಡೆಸಿಕೊಟ್ಟವರು ಒಬ್ಬ ಗಂಡಸು. ಹೆಂಗಸರೇ ಮೇಜಿನ ಸುತ್ತ ಕೂತು ಮಾತಾಡುವ ರೀತಿ ಅಮೆರಿಕದಲ್ಲಿ 1997ರಲ್ಲಿ ಬಂದ 'ದ ವ್ಯೂ' ಕಾರ್ಯಕ್ರಮದಿಂದ ಹೆಸರಾಯಿತು. ಅದನ್ನು ಕಟ್ಟಿದ ಬಾರ್ಬರಾ ವಾಲ್ಟರ್ಸ್ ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಅಭಿಪ್ರಾಯದ ಹೆಂಗಸರನ್ನು ಬೇಕೆಂದೇ ಜೊತೆ ಕೂರಿಸಿದರು. 2010ರಲ್ಲಿ 'ದ ಟಾಕ್' ಬಂತು. ನಟಿ ಸಾರಾ ಗಿಲ್ಬರ್ಟ್‌ಗೆ ಅದರ ಯೋಚನೆ ಹೊಳೆದದ್ದು ತಾಯಂದಿರ ಒಂದು ಗುಂಪಿನಲ್ಲಿ ಕೂತು ಮಾತಾಡುವಾಗ. ಐವತ್ನಾಲ್ಕು ವರ್ಷ ಓಡಿದ ಒಂದು ಧಾರಾವಾಹಿಯ ಜಾಗಕ್ಕೆ ಅದು ಬಂದು, 2024ರ ಡಿಸೆಂಬರ್‌ವರೆಗೆ ನಡೆಯಿತು.

ನಮ್ಮ ಹೊಸ ಕಾರ್ಯಕ್ರಮದಲ್ಲಿ ಈ ಬೇರೆ ಬೇರೆ ಎನ್ನುವುದು ಇನ್ನೂ ಬಂದಿಲ್ಲ. ವಯಸ್ಸು ಬೇರೆ ಇದ್ದರೂ ಮೂವರೂ ಬೆಂಗಳೂರಿನವರು, ಮೂವರದೂ ಒಂದೇ ಬಗೆಯ ಕನ್ನಡ. ಮನೆಕೆಲಸದವರು ರಜೆ ಹಾಕಿದರೆ ಏನು ಮಾಡುವುದು ಎಂದು ಒಂದು ದಿನ ಮಾತಾಡಿದರು. ಆ ಮನೆಕೆಲಸದವರೇ ಬಂದು ಕೂತರೆ ಏನು ಹೇಳುತ್ತಿದ್ದರೋ ಎಂದು ನನಗೆ ಅನಿಸುತ್ತಲೇ ಇತ್ತು.

ಆ ಹೊತ್ತಿಗೆ ನಮ್ಮ ತೋಟದಲ್ಲಿ ಲೈನ್ ಮನೆಯ, ಅಂದರೆ ತೋಟದ ಕೆಲಸದವರ ಸಾಲು ಮನೆಗಳ, ಹೆಂಗಸರು ಹಣ್ಣು ಕುಯ್ಯುತ್ತಿರುತ್ತಾರೆ. ಸೊಂಟಕ್ಕೆ ಚೀಲ, ಗಿಡದ ಕೊಂಬೆಗೆ ನೇತು ಹಾಕಿದ ಮೊಬೈಲಿನಲ್ಲಿ ರೇಡಿಯೊ. ಅವರಿಗೆ ಟಿವಿ ನೋಡಲು ಆಗುವುದಿಲ್ಲ. ಆದರೆ ಸಾಲಿನಿಂದ ಸಾಲಿಗೆ ಮಾತು ಹೋಗುತ್ತಲೇ ಇರುತ್ತದೆ. ಮಗಳ ಹೆರಿಗೆ, ಸಂಘದ ಸಾಲದ ಕಂತು, ಗಂಡನ ಕುಡಿತ, ಯಾವುದನ್ನೂ ಮುಚ್ಚಿಡುವುದಿಲ್ಲ. ಒಬ್ಬಳು ಅತ್ತರೆ ಪಕ್ಕದವಳು ತನ್ನ ಗಿಡ ಬಿಟ್ಟು ಅವಳ ಗಿಡಕ್ಕೆ ಬಂದು ಕುಯ್ಯುತ್ತಾಳೆ. ಸಂಜೆ ತೂಕದ ಹೊತ್ತಿಗೆ ಅವಳ ಚೀಲವೂ ತುಂಬಿರುತ್ತದೆ. ಇವರಲ್ಲಿ ಒಬ್ಬರನ್ನಾದರೂ ಆ ಸೋಫಾದ ಮೇಲೆ ಕೂರಿಸಬೇಕು ಎಂದು ನನ್ನ ಆಸೆ.

ಗುರುವಾರ ಎರಡು ಗಂಟೆಗೆ ಅತ್ತೆಯೇ ನನ್ನನ್ನು ಕರೆದರು. ಅಷ್ಟರಲ್ಲಿ ಕರೆಂಟು ಹೋಯಿತು. ಸಾಮಾನ್ಯವಾಗಿ ಅವರು ಆಗ ಮಲಗುತ್ತಾರೆ. ಆ ದಿನ ಮಲಗಲಿಲ್ಲ. ನಿನಗೆ ನಿದ್ದೆ ಸರಿಯಾಗಿ ಬರ್ತದಾ ಎಂದು ಕೇಳಿದರು. ಇಲ್ಲ ಎಂದೆ. ನಾಲ್ಕು ಗಂಟೆಯವರೆಗೆ ಮಾತಾಡಿದೆವು. ಕಣದ ಕಾಫಿಯನ್ನು ಆ ದಿನ ಒಂದು ಸಲ ಕಮ್ಮಿ ತಿರುವಿದ್ದೇನೆ.

ಅತ್ತೆಯ ವಿಷಯವನ್ನು ರೇಡಿಯೊದಲ್ಲಿ ಹೇಳಬಹುದಾ ಎಂದು ಕೇಳಿಯೇ ಇಲ್ಲಿ ಹೇಳಿದ್ದೇನೆ. "ಹೇಳು, ಯಾರಿಗಾದರೂ ಆಗ್ತದೆ" ಎಂದರು. ಆ ಕಾರ್ಯಕ್ರಮದ ಮೂವರಿಗೂ ಒಂದು ಪತ್ರ ಬರೆದಿದ್ದೇನೆ. ಬುಧವಾರ ಅರ್ಧಕ್ಕೆ ಬಿಟ್ಟ ಮಾತನ್ನು ಮತ್ತೆ ತೆಗೆಯಿರಿ, ಆ ದಿನ ಅತಿಥಿ ಬೇಡ, ಒಬ್ಬ ಲೇಡಿ ಡಾಕ್ಟರನ್ನು ಕರೆಯಿರಿ, ನಡುವೆ ಎದ್ದು ಹೋಗಬೇಡಿ ಎಂದು. ಕೊನೆಯಲ್ಲಿ ನನ್ನ ಹೆಸರಿನ ಕೆಳಗೆ ಅತ್ತೆಯೂ ರುಜು ಹಾಕಿದರು. ನಿನ್ನೆ ಸಿದ್ದಾಪುರದಲ್ಲಿ ಅಂಚೆಗೆ ಹಾಕಿ ಬಂದೆ.

ನಮಸ್ಕಾರ.