ಪಿಕಪ್ ಇಲ್ಲ, ಮೋವರ್ ಸಾಗಿಸಬೇಕು

ಹಾಂ, ಕ್ಯಾಮೆರಾ ಓಡುತ್ತಿದೆ. ಎದುರಿಗೆ ನಿಂತಿದೆಯಲ್ಲ, ಅದೇ ಇವತ್ತಿನ ತಲೆನೋವು. ಮೇಲೆ ಕೂತು ಓಡಿಸುವ ಲಾನ್ ಮೋವರ್. ಇದನ್ನು ರಿಪೇರಿಗೆ ಒಯ್ಯಬೇಕು. ಲಾರಿ ಇಲ್ಲ, ಪಿಕಪ್ ಇಲ್ಲ. ಇರುವುದು ಈ ವ್ಯಾನ್ ಒಂದೇ. ಕ್ಯಾಮೆರಾ ಹಿಡಿದಿರುವುದು ನನ್ನ ತಮ್ಮ, ಆಗಾಗ ಅವನ ದನಿಯೂ ಕೇಳಿಸುತ್ತದೆ.

ಓಡಿಸಿಕೊಂಡೇ ಹೋಗಬಹುದಲ್ವಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಹೋಗಬಹುದು, ಊಟದ ಬುತ್ತಿ ಕಟ್ಟಿಕೊಂಡು. ಇದರ ಫುಲ್ ಸ್ಪೀಡೇ ಗಂಟೆಗೆ 8-9 ಕಿಲೋಮೀಟರ್. ಇಂಡಿಕೇಟರ್ ಇಲ್ಲ, ಬ್ರೇಕ್ ಲೈಟ್ ಇಲ್ಲ. ರಸ್ತೆಗೆ ಮಾಡಿದ ಗಾಡಿಯೇ ಅಲ್ಲ ಇದು.

"ಅಣ್ಣಾ, ಹಗ್ಗ ಕಟ್ಟಿ ಎಳೆದುಕೊಂಡು ಹೋದರೆ?"

ಬೇಡವೇ ಬೇಡ. ಇದು ಹೈಡ್ರೋಸ್ಟಾಟಿಕ್. ಅಂದರೆ ಎಣ್ಣೆಯ ಒತ್ತಡದಿಂದ ಚಕ್ರ ತಿರುಗುತ್ತದೆ. ಹಿಂದೆ ಒಂದು ಸಣ್ಣ ಬೈಪಾಸ್ ಲಿವರ್ ಇದೆ, ಅದನ್ನು ಎಳೆದರೆ ಗಾಡಿಯನ್ನು ಕೈಯಲ್ಲಿ ತಳ್ಳಬಹುದು. ತಳ್ಳುವುದಕ್ಕೆ ಮಾತ್ರ. ವ್ಯಾನಿನ ಹಿಂದೆ ಕಟ್ಟಿ ಎಳೆದರೆ ಒಳಗಿನ ಎಣ್ಣೆ ಕಾದು ಟ್ರಾನ್ಸ್‌ಮಿಷನ್ ಕೆಟ್ಟುಹೋಗುತ್ತದೆ. ರಿಪೇರಿಗೆ ಒಯ್ಯುವ ದಾರಿಯಲ್ಲೇ ಇನ್ನೊಂದು ರಿಪೇರಿ.

ನನ್ನ ಪ್ರಕಾರ ವ್ಯಾನ್ ಸಾಕು. ಹಿಂದಿನ ಸೀಟು ತೆಗೆದರೆ ಬೇಕಾದಷ್ಟು ಜಾಗ. ಟೇಪ್ ಹಿಡಿಯುತ್ತಿದ್ದೇನೆ, ನೋಡಿ. ಡೆಕ್, ಅಂದರೆ ಬ್ಲೇಡುಗಳನ್ನು ಮುಚ್ಚಿರುವ ಈ ಕೆಳಗಿನ ಭಾಗ, 42 ಇಂಚು, ಅಂದರೆ ಸುಮಾರು 107 ಸೆಂಟಿಮೀಟರ್. ಹುಲ್ಲು ಹೊರಗೆ ಹಾರಿಸುವ ಈ ಪ್ಲಾಸ್ಟಿಕ್ ಬಾಯಿ ಪಕ್ಕಕ್ಕೆ ಚಾಚಿದೆ, ಅದನ್ನು ಮಡಚಬಹುದು. ಅಗಲಕ್ಕೆ ತೊಂದರೆ ಇಲ್ಲ. ಎತ್ತರ... ಸ್ಟೀರಿಂಗ್ ಬಾಗಿಲಿಗೆ ತಾಗುತ್ತದೆ. ಬಿಚ್ಚಬಹುದು, ನಡುವೆ ಒಂದೇ ಬೋಲ್ಟ್. ಆದರೆ ಈ ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಮುಚ್ಚಿದ ವ್ಯಾನಿನಲ್ಲಿ ಕೆಳಗೇ ಕೂತಿರುತ್ತದೆ. ಅದರ ಜೊತೆ ನಾವಿಬ್ಬರೂ ಕೂತು ಹೋಗುವುದು? ಆಗಲ್ಲ. ವ್ಯಾನ್ ಬೇಡ. ಬಾಡಿಗೆ ಟ್ರೇಲರ್ ತರೋಣ.

ತಂದಾಯಿತು. 5 ಅಡಿ ಅಗಲ, 8 ಅಡಿ ಉದ್ದ. ಹಿಚ್ ಹಾಕುವುದನ್ನು, ಅಂದರೆ ಟ್ರೇಲರನ್ನು ವ್ಯಾನಿನ ಹಿಂದೆ ಜೋಡಿಸುವುದನ್ನು, ವಿಡಿಯೋದಲ್ಲೇ ನೋಡುತ್ತಿದ್ದೀರಿ, ಒಂದೇ ಮಾತು ಹೇಳುತ್ತೇನೆ. ವ್ಯಾನಿನ ಹಿಂದಿರುವ ಈ ಲೋಹದ ಗುಂಡು, ಬಾಲ್, ಅದರ ಅಳತೆ ಸರಿಯಾಗಿ ನೋಡಿ. ಅದನ್ನು ಹಿಡಿಯುವ ಟ್ರೇಲರ್ ಮೂತಿಯೇ ಕಪ್ಲರ್. 2 ಇಂಚಿನ ಕಪ್ಲರ್ 1⅞ ಇಂಚಿನ ಬಾಲ್ ಮೇಲೂ ಕೂತಂತೆ ಕಾಣುತ್ತದೆ, ಲಾಕ್ ಆದಂತೆಯೂ ಕಾಣುತ್ತದೆ. ಮೊದಲ ಉಬ್ಬಿನಲ್ಲಿ ಎಗರಿ ಹೊರಗೆ ಬರುತ್ತದೆ. ಟ್ರೇಲರ್ ಮೂತಿಯ ಚೈನ್ ಎರಡನ್ನೂ ವ್ಯಾನಿಗೆ ಕತ್ತರಿ ಆಕಾರದಲ್ಲಿ ಹಾಕಿ. ಕಪ್ಲರ್ ಕಳಚಿದರೂ ಮೂತಿ ನೆಲಕ್ಕೆ ಬಡಿಯದೆ ಚೈನಿನ ಮೇಲೆ ನಿಲ್ಲುತ್ತದೆ.

ಈಗ ರ‍್ಯಾಂಪ್. ಟ್ರೇಲರ್ ಎತ್ತರ 60 ಸೆಂಟಿಮೀಟರ್. ರ‍್ಯಾಂಪ್ ಉದ್ದ 2.4 ಮೀಟರ್ ಇದ್ದರೆ ಏರು 15 ಡಿಗ್ರಿಯೊಳಗೆ ಬರುತ್ತದೆ. ಅಗ್ಗಕ್ಕೆ ಸಿಕ್ಕಿತು ಅಂತ ಒಂದೂವರೆ ಮೀಟರಿನದು ತಂದರೆ ಏರು 23 ಡಿಗ್ರಿ ದಾಟುತ್ತದೆ. ಮೇಲಿನ ತುದಿ ತಲುಪಿದಾಗ ಡೆಕ್ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಡೆಕ್ ಅನ್ನು ಮೊದಲೇ ಪೂರ್ತಿ ಮೇಲಕ್ಕೆ ಎತ್ತಿಬಿಡಿ. ರ‍್ಯಾಂಪನ್ನು ಟ್ರೇಲರಿಗೆ ಚೈನ್ ಹಾಕಿ ಕಟ್ಟಿ, ಇಲ್ಲದಿದ್ದರೆ ಚಕ್ರವೇ ಅದನ್ನು ಹಿಂದಕ್ಕೆ ಒದೆಯುತ್ತದೆ. ವ್ಯಾನಿಗೆ ಹ್ಯಾಂಡ್‌ಬ್ರೇಕ್. ನಾನು ರಿವರ್ಸಿನಲ್ಲೇ ಹತ್ತಿಸುತ್ತೇನೆ. ಎಳೆಯುವುದು ಹಿಂದಿನ ಚಕ್ರ, ಮುಂದಾಗಿ ಹತ್ತಿದರೆ ಮೂತಿ ಮೇಲೇಳುವ ಭಯ.

ಹತ್ತಿತು. ಈ ಗಾಡಿಗೆ ಲೋಟ ಇಡಲು ಜಾಗ ಕೊಟ್ಟಿದ್ದಾರೆ, ಪೆಟ್ರೋಲ್ ಎಷ್ಟಿದೆ ಅಂತ ತೋರಿಸುವ ಮೀಟರ್ ಕೊಟ್ಟಿಲ್ಲ. ಯಾರು ಕೂತು ಯೋಚನೆ ಮಾಡುತ್ತಾರೋ ಇದನ್ನೆಲ್ಲ! ಹುಲ್ಲು ಕತ್ತರಿಸುವವನಿಗೆ ಬಾಯಾರಿಕೆ ಮಾತ್ರ ಮುಖ್ಯವಾ? ಇರಲಿ. ಪೆಟ್ರೋಲ್ ವಾಲ್ವ್ ಬಂದ್ ಮಾಡಿದೆ, ಪಾರ್ಕಿಂಗ್ ಬ್ರೇಕ್ ಹಾಕಿದೆ, ಕೀ ಜೇಬಿಗೆ.

ಇನ್ನು ಸಾಮಾನು ಬಿಗಿದು ಕಟ್ಟುವ ಈ ರ‍್ಯಾಚೆಟ್ ಬೆಲ್ಟ್. ಇದನ್ನು ಕಂಡುಹಿಡಿದವನು ಸಿಕ್ಕಿದರೆ ಎರಡು ಮಾತು ಕೇಳುವುದಿದೆ. ಹತ್ತಿರ ತೋರಿಸು... ಇನ್ನೂ ಹತ್ತಿರ. ನಡುವಿನ ಈ ಉರುಳೆಯಲ್ಲಿ ಒಂದು ಸೀಳು ಇದೆ. ಬೆಲ್ಟಿನ ತುದಿ ಅದರೊಳಗೆ ತೂರಿ ಆ ಕಡೆ ಬರಬೇಕು. ತುದಿ ಪಿಸಿದುಹೋಗಿದೆ, ಒಳಗೆ ಹೋಗುತ್ತಿಲ್ಲ. ಹೋಯಿತು. ಈಗ ಸಡಿಲವನ್ನೆಲ್ಲ ಮೊದಲು ಕೈಯಲ್ಲೇ ಎಳೆದುಕೊಳ್ಳಬೇಕು. ಹಾಗೆ ಮಾಡದೆ ಹಿಡಿ ಆಡಿಸುತ್ತಾ ಹೋದರೆ ಬೆಲ್ಟ್ ಸುತ್ತಿಕೊಂಡು ಸುತ್ತಿಕೊಂಡು ಉರುಳೆ ಹೊಟ್ಟೆ ಬಿರಿಯುವಷ್ಟು ಉಂಡವರಂತೆ ಊದಿಕೊಳ್ಳುತ್ತದೆ. ಆಮೇಲೆ ಬಿಗಿಯಾಗುವುದೂ ಇಲ್ಲ, ಬಿಚ್ಚುವುದೂ ಇಲ್ಲ. ಬಾಡಿಗೆಗೆ ಟ್ರೇಲರಿನ ಜೊತೆ ಬಂದ ಒಂದು ಬೆಲ್ಟ್ ಹೀಗೇ ಜಾಮ್ ಆಗಿದೆ, ನೋಡಿ. ಹಿಂದೆ ತಗೊಂಡವರು ಯಾರೋ ಹಾಗೇ ವಾಪಸ್ ಕೊಟ್ಟಿದ್ದಾರೆ. ಅಂಚು ಹಲ್ಲಿನ ಪಕ್ಕದಲ್ಲಿ ಮಡಚಿ ಸಿಕ್ಕಿಕೊಂಡಿದೆ. ಸ್ಕ್ರೂಡ್ರೈವರ್ ಹಾಕಿ ಮೀಟಿದೆ, ಬರಲಿಲ್ಲ. ಇಕ್ಕಳದಲ್ಲಿ ಎಳೆದೆ, ಬರಲಿಲ್ಲ. ಹಿಡಿಯ ಒಳಗಿನ ಪಟ್ಟಿ ಒತ್ತಿ ಹಿಡಿದು ಪೂರ್ತಿ ಚಪ್ಪಟೆಯಾಗಿ ಬಿಡಿಸಿದರೆ ತಾನೇ ಬಿಡಬೇಕು ಅಂತ ನಿಯಮ. ಇದಕ್ಕೆ ನಿಯಮ ಗೊತ್ತಿಲ್ಲ. ಬೆರಳ ಗೆಣ್ಣು ತರಚಿತು. ಕೊನೆಗೆ ಮನೆಯಲ್ಲಿದ್ದ ಬೇರೆ ಬೆಲ್ಟ್ ತಂದೆ. ಇದರ ಬಗ್ಗೆ ಮಾತು ಸಾಕು, ಸಿಟ್ಟು ಬರುತ್ತದೆ.

ಬೆಲ್ಟಿನ ಕೊಕ್ಕೆ ನಾಲ್ಕು ಮೂಲೆಗೂ, ಮೋವರಿನ ಚಾಸಿಗೇ, ಅಂದರೆ ಕಬ್ಬಿಣದ ಚೌಕಟ್ಟಿಗೇ ಹಾಕಬೇಕು. ಸ್ಟೀರಿಂಗಿಗಲ್ಲ, ಡೆಕ್ಕಿಗಲ್ಲ, ಮುಂದಿನ ಪ್ಲಾಸ್ಟಿಕ್‌ಗಂತೂ ಅಲ್ಲವೇ ಅಲ್ಲ.

"ಅಣ್ಣಾ, ಬೆಲ್ಟ್ ತಿರುಚಿದೆ."

ಬೇಕಂತಲೇ ತಿರುಚಿದ್ದು. ಚಪ್ಪಟೆಯಾಗಿ ಬಿಟ್ಟರೆ ಗಾಳಿಗೆ ದಾರಿಯುದ್ದಕ್ಕೂ ಗುಂಯ್ ಅನ್ನುತ್ತದೆ.

ಇಂಥ ಮೋವರ್ 200 ಕಿಲೋ ಮೇಲೇ ತೂಗುತ್ತದೆ, ಟ್ರೇಲರಿನದು ಬೇರೆ. ವ್ಯಾನ್ ಎಷ್ಟು ಎಳೆಯುತ್ತದೆ ಅಂತ ಅದರ ಪುಸ್ತಕದಲ್ಲಿ ನೋಡಿಯೇ ಹೊರಡಬೇಕು. ಒಟ್ಟು ಭಾರದಲ್ಲಿ ನೂರಕ್ಕೆ 10ರಿಂದ 15 ಪಾಲು ಬಾಲ್ ಮೇಲೆ ಬೀಳಬೇಕು. ಅದಕ್ಕೇ ಗಾಡಿಯನ್ನು ಮುಂದಕ್ಕೆ ಸರಿಸಿದ್ದು. ಭಾರ ಹಿಂದೆ ಜಾಸ್ತಿಯಾದರೆ ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ. ಆಗ ಗಟ್ಟಿ ಬ್ರೇಕ್ ಒತ್ತಬಾರದು. ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೇರ ಹಿಡಿದು, ತಾನಾಗೇ ನಿಧಾನವಾಗಲು ಬಿಡಬೇಕು.

ರಸ್ತೆ. ಸ್ವಲ್ಪ ದೂರ ಬಂದು ನಿಲ್ಲಿಸಿದ್ದೇನೆ. ಮೋವರ್ ಟೈರಿನಲ್ಲಿ ಗಾಳಿ ಬಹಳ ಕಡಿಮೆ, 10ರಿಂದ 14 ಪಿಎಸ್‌ಐ ಅಷ್ಟೇ. ಕುಲುಕಾಟಕ್ಕೆ ಟೈರು ಅದುಮಿಕೊಂಡು ಬೆಲ್ಟ್ ಸಡಿಲ ಬೀಳುತ್ತದೆ. ನೋಡಿ, ಇಲ್ಲಿ ಬೆರಳು ತೂರುತ್ತಿದೆ. ಎರಡು ಸಲ ಹಿಡಿ ಆಡಿಸಿದೆ, ಟಕ್ ಟಕ್, ಬಿಗಿ. ಒಳ್ಳೆಯ ಸಾಮಾನು ಕಣ್ರೀ ಈ ರ‍್ಯಾಚೆಟ್. ಕಂಡುಹಿಡಿದವನ ಬಗ್ಗೆ ಆಗ ಅಂದದ್ದನ್ನು ಎಡಿಟ್‌ನಲ್ಲಿ ತೆಗೆಯಬೇಕು. ತೆಗೆಯಲ್ಲ, ಇರಲಿ.

ತಲುಪಿದೆವು. ರಿವರ್ಸ್ ಹಾಕುವಾಗ ಕೈ ಸ್ಟೀರಿಂಗಿನ ಕೆಳಗಡೆ ಇಡಿ, ಟ್ರೇಲರ್ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆ ಸರಿಸಿ. ಗಿಡ್ಡ ಟ್ರೇಲರ್ ಬೇಗ ಮಡಚಿಕೊಳ್ಳುತ್ತದೆ, ಅವಸರ ಬೇಡ.

ಇಳಿಸುವುದು ಮುಂದಾಗಿ, ಆಮೆಯಂತಲ್ಲ, ಅದಕ್ಕಿಂತ ನಿಧಾನ. ಇಳಿಯಿತು. ಖಾಲಿ ಟ್ರೇಲರ್ ಜಾಸ್ತಿ ಕುಣಿಯುತ್ತದೆ, ಸದ್ದೂ ಜಾಸ್ತಿ, ವಾಪಸ್ ದಾರಿಯ ಆಡಿಯೋ ತೆಗೆದಿರುತ್ತೇನೆ. ಬಾಡಿಗೆ ಹೊತ್ತು ಮುಗಿಯುತ್ತಾ ಬಂತು, ಆ ಜಾಮ್ ಆದ ಬೆಲ್ಟ್ ಬಗ್ಗೆಯೂ ಅವರ ಹತ್ತಿರ ಮಾತಾಡುವುದಿದೆ. ಹೊರಟೆ, ಕಟ್ ಮಾಡು.